ಪರವಶತೆ ಮತ್ತು ವಿಘಟನೆ: ಮೈಮೇಲೆ ಬರುವುದನ್ನು ಅರಿಯುವ ಬಗೆಗಳು

ವಿಘಟನೆಯ ಸ್ವರೂಪ

ನೆನಪು, ಗುರುತು, ಸಂವೇದನೆ, ಮೈಯ ಚಲನೆ ಇವೆಲ್ಲವೂ 'ನಾನು' ಎಂಬ ಒಂದೇ ಹಿಡಿತದಲ್ಲಿವೆ ಎಂಬ ಭರವಸೆಯ ಮೇಲೆ ದಿನನಿತ್ಯದ ಬದುಕು ನಿಂತಿದೆ. ಆ ಹಿಡಿತ ಸಡಿಲಗೊಂಡು, ಇವುಗಳಲ್ಲಿ ಯಾವುದಾದರೊಂದು ಉಳಿದವುಗಳಿಂದ ಕಳಚಿಕೊಂಡು ತನ್ನಷ್ಟಕ್ಕೆ ನಡೆಯತೊಡಗುವುದನ್ನು ಮನೋವೈದ್ಯಶಾಸ್ತ್ರ ವಿಘಟನೆ ಅಥವಾ ಡಿಸೋಸಿಯೇಷನ್ ಎಂದು ಗುರುತಿಸುತ್ತದೆ. ಇದರ ಸೌಮ್ಯ ರೂಪ ಎಲ್ಲರ ಅನುಭವದಲ್ಲೂ ಇದೆ. ಓದುತ್ತ ಮೈಮರೆತವರಿಗೆ ಪಕ್ಕದಲ್ಲೇ ಕರೆದದ್ದು ಕೇಳಿಸುವುದಿಲ್ಲ. ದಿನವೂ ಓಡಾಡುವ ದಾರಿಯಲ್ಲಿ ಗಾಡಿ ಓಡಿಸಿ ಮನೆ ಮುಟ್ಟಿದವರಿಗೆ ನಡುವಿನ ತಿರುವುಗಳು ನೆನಪಿರುವುದಿಲ್ಲ. ಅಪಘಾತದ ಕ್ಷಣದಲ್ಲಿ ತನ್ನನ್ನು ತಾನೇ ದೂರದಿಂದ ನೋಡಿದಂತಾಯಿತು ಎನ್ನುವವರೂ ಉಂಟು. ಇವು ಯಾವುವೂ ಕಾಯಿಲೆಗಳಲ್ಲ.

ಇದೇ ಕಳಚಿಕೊಳ್ಳುವಿಕೆ ಮರುಕಳಿಸುತ್ತ, ಬೇಡವೆಂದರೂ ಬರುತ್ತ, ಬದುಕನ್ನು ಕೆಡಿಸತೊಡಗಿದಾಗ ಅದು ವ್ಯಾಧಿಯ ವ್ಯಾಪ್ತಿಗೆ ಬರುತ್ತದೆ. ಆಘಾತದ ನೆನಪು ಬೇಕೆಂದರೂ ಕೈಗೆ ಸಿಗದೆ ಹೋಗುವುದು ವಿಘಟನಾತ್ಮಕ ಮರೆವು. ತಾನು, ತನ್ನ ದೇಹ, ಸುತ್ತಲಿನ ಲೋಕ ಯಾವುದೂ ನಿಜವಲ್ಲ ಎಂಬ ಭಾವ ಬಿಡದೆ ಕಾಡುವುದು ಇನ್ನೊಂದು ಬಗೆ. ನರಗಳಲ್ಲಿ ದೋಷವಿಲ್ಲದೆಯೂ ಕೈಕಾಲು ಸ್ವಾಧೀನ ತಪ್ಪುವುದು, ಮಾತು ನಿಲ್ಲುವುದು, ಮೂರ್ಛೆರೋಗದಂಥ ಸೆಳವು ಬರುವುದು ಮತ್ತೊಂದು. ಒಂದೇ ದೇಹದಲ್ಲಿ ಎರಡು ಅಥವಾ ಹೆಚ್ಚು ವ್ಯಕ್ತಿತ್ವಗಳು ಸರದಿಯಂತೆ ತಲೆದೋರುವುದು ಇವುಗಳಲ್ಲೆಲ್ಲ ಹೆಚ್ಚು ಚರ್ಚೆಗೆ ಒಳಗಾದ ರೂಪ.

ವಿಘಟನೆ ಕುರಿತ ಸಾಹಿತ್ಯದ ಪ್ರಸಿದ್ಧ ಪ್ರಕರಣ ಅಮೆರಿಕದ ರೋಡ್ ಐಲೆಂಡಿನ ಧರ್ಮಬೋಧಕ ಆನ್ಸೆಲ್ ಬೋರ್ನ್ ಎಂಬವರದು. 1887ರ ಜನವರಿಯಲ್ಲಿ ಅವರು ಬ್ಯಾಂಕಿನಿಂದ ಹಣ ತೆಗೆದುಕೊಂಡು ಕಾಣೆಯಾದರು. ಎರಡು ತಿಂಗಳ ಬಳಿಕ ಪೆನ್ಸಿಲ್ವೇನಿಯಾದ ನಾರಿಸ್‌ಟೌನ್ ಎಂಬ ಊರಿನಲ್ಲಿ ಒಂದು ಬೆಳಗ್ಗೆ ಗಾಬರಿಯಿಂದ ಎದ್ದು, ತಾನೆಲ್ಲಿದ್ದೇನೆ ಎಂದು ಅಲ್ಲಿದ್ದ ಮನೆಯವರನ್ನು ಕೇಳಿದರು. ಅದಕ್ಕೆ ಆರು ವಾರ ಮುಂಚಿನಿಂದ ಅವರು ಅಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಲ್ಲಿ ಚಿಕ್ಕ ಅಂಗಡಿಯಿಟ್ಟು, ಯಾರಿಗೂ ಅನುಮಾನ ಬಾರದಂತೆ ವ್ಯಾಪಾರ ನಡೆಸಿದ್ದರು. ಅದರಲ್ಲಿ ಒಂದು ದಿನದ ನೆನಪೂ ಬೋರ್ನ್‌ಗೆ ಇರಲಿಲ್ಲ. 1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರನ್ನು ಸಂಮೋಹನಕ್ಕೆ ಒಳಪಡಿಸಿದಾಗ 'ಬ್ರೌನ್' ಮತ್ತೆ ಮಾತಾಡಿ ಆ ದಿನಗಳ ವಿವರ ಕೊಟ್ಟ. ಬೋರ್ನ್ ಎಂಬ ಹೆಸರು ಕೇಳಿದ್ದೇನೆ, ಆದರೆ ಅವರನ್ನು ಕಂಡ ನೆನಪಿಲ್ಲ ಎಂದ. ನೆನಪು ನಾಶವಾಗಿರಲಿಲ್ಲ, ಬೇರೆ ಕೋಣೆಯಲ್ಲಿ ಬೀಗ ಹಾಕಿಕೊಂಡಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು.

ಪರಿಕಲ್ಪನೆಯ ಚರಿತ್ರೆ

ಈ ವಿದ್ಯಮಾನಕ್ಕೆ ಮೊದಲ ವ್ಯವಸ್ಥಿತ ವಿವರಣೆ ಕೊಟ್ಟವರು ಫ್ರಾನ್ಸಿನ ಪಿಯರ್ ಜಾನೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರವೈದ್ಯ ಷಾರ್ಕೋ ಹಿಸ್ಟೀರಿಯಾ ರೋಗಿಗಳ ಮೇಲೆ ಸಂಮೋಹನದ ಪ್ರಯೋಗ ನಡೆಸುತ್ತಿದ್ದ ಕಾಲವದು. ಜಾನೆ 1889ರ ತಮ್ಮ ಪ್ರಬಂಧದಲ್ಲಿ, ತಾಳಲಾರದ ಅನುಭವವನ್ನು ಮನಸ್ಸು ತನ್ನ ಒಟ್ಟು ಕಥನದೊಳಗೆ ಸೇರಿಸಿಕೊಳ್ಳಲಾಗದೆ ಹೋದಾಗ ಅದು ಬೇರೆಯಾಗಿ ಉಳಿದು ಅರಿವಿಗೆ ಬಾರದಂತೆ ಕೆಲಸ ಮಾಡುತ್ತದೆ ಎಂದು ವಾದಿಸಿದರು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾ ಕುರಿತ ಗ್ರಂಥ ಪ್ರಕಟಿಸಿದ ಮೇಲೆ ಸಹಿಸಲಾಗದ್ದನ್ನು ಮನಸ್ಸು ಅದುಮಿಡುತ್ತದೆ ಎಂಬ ದಮನದ ಸಿದ್ಧಾಂತ ಮುನ್ನೆಲೆಗೆ ಬಂತು. ಜಾನೆಯ ವಿಚಾರಗಳು ದಶಕಗಳ ಕಾಲ ಬದಿಗೆ ಸರಿದವು.

1980ರಲ್ಲಿ ಅಮೆರಿಕನ್ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿ ಹಿಸ್ಟೀರಿಯಾ ಎಂಬ ಹಳೆಯ ಹಣೆಪಟ್ಟಿಯನ್ನು ಕೈಬಿಟ್ಟು ವಿಘಟನಾತ್ಮಕ ವ್ಯಾಧಿಗಳನ್ನು ಪ್ರತ್ಯೇಕ ವರ್ಗವಾಗಿಸಿತು. ಬಹುವ್ಯಕ್ತಿತ್ವ ಎಂದಿದ್ದ ಹೆಸರು 1994ರ ನಾಲ್ಕನೆಯ ಆವೃತ್ತಿಯಲ್ಲಿ ವಿಘಟನಾತ್ಮಕ ಗುರುತಿನ ವ್ಯಾಧಿ ಎಂದಾಯಿತು. ಈ ನಡುವೆ ಬಹುವ್ಯಕ್ತಿತ್ವದ ಮಹಿಳೆಯೊಬ್ಬಳ ಕಥೆ ಹೇಳುವ, 1973ರಲ್ಲಿ ಬಂದ 'ಸಿಬಿಲ್' ಪುಸ್ತಕ ಮತ್ತು ಅದರ ಬೆನ್ನಿಗೆ ಬಂದ ಚಲನಚಿತ್ರದ ನಂತರ ಅಮೆರಿಕದಲ್ಲಿ ಇಂಥ ಪ್ರಕರಣಗಳ ಸಂಖ್ಯೆ ಹಠಾತ್ತನೆ ಏರಿತು. ಬಾಲ್ಯದ ಹಿಂಸೆಯೇ ಇದರ ಮೂಲ ಎಂದು ಒಂದು ಪಕ್ಷ ಹೇಳಿತು. ಚಿಕಿತ್ಸಕರ ಸೂಚನೆ ಮತ್ತು ಸಮೂಹ ಮಾಧ್ಯಮಗಳು ಒದಗಿಸಿದ ಮಾದರಿಗಳೇ ರೋಗಿಯ ನಡವಳಿಕೆಗೆ ಆಕಾರ ಕೊಡುತ್ತವೆ ಎಂದು ಮನಶ್ಶಾಸ್ತ್ರಜ್ಞ ನಿಕೊಲಸ್ ಸ್ಪಾನೋಸ್ ಮೊದಲಾದವರು ಹೇಳಿದರು. ತತ್ತ್ವಜ್ಞಾನಿ ಇಯಾನ್ ಹ್ಯಾಕಿಂಗ್ 1995ರ ತಮ್ಮ ಗ್ರಂಥದಲ್ಲಿ, ಒಂದು ಕಾಲದ ಜನರಿಗೆ ನೋವನ್ನು ಹೇಳಿಕೊಳ್ಳಲು ಯಾವ ರೂಪಗಳು ಲಭ್ಯವಿವೆಯೋ ಆ ರೂಪಗಳಲ್ಲೇ ಅದು ಕಾಣಿಸಿಕೊಳ್ಳುತ್ತದೆ ಎಂದು ತೋರಿಸಿದರು. ಪಾಶ್ಚಾತ್ಯ ಕ್ಲಿನಿಕ್ಕಿನಲ್ಲಿ ಕಾಣುವ ಬಹುವ್ಯಕ್ತಿತ್ವವೂ ಒಂದು ಸಂಸ್ಕೃತಿಯ ಕೂಸು. ಸಂಸ್ಕೃತಿಯ ಪ್ರಭಾವ ದೂರದ ಬುಡಕಟ್ಟುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ತಪ್ಪು.

ಪರವಶತೆಯ ಲೋಕಗಳು

ಮಾನವಶಾಸ್ತ್ರಜ್ಞೆ ಎರಿಕಾ ಬೂರ್ಗಿನ್ಯೋ ಅವರ ತಂಡ ಜಗತ್ತಿನ 488 ಸಮಾಜಗಳ ಮಾಹಿತಿಯನ್ನು ಹೋಲಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ. 90ರಷ್ಟು ಸಮಾಜಗಳಲ್ಲಿ ಪ್ರಜ್ಞೆಯ ಬದಲಾದ ಸ್ಥಿತಿಗಳಿಗೆ, ಎಂದರೆ ಪರವಶತೆಗೆ, ಆಚರಣೆಯ ಚೌಕಟ್ಟು ಇದೆ. ಅರ್ಧಕ್ಕಿಂತ ಹೆಚ್ಚು ಸಮಾಜಗಳಲ್ಲಿ ಈ ಸ್ಥಿತಿಯನ್ನು ದೈವ ಅಥವಾ ಪ್ರೇತದ ಆವೇಶವೆಂದೇ ಅರ್ಥೈಸಲಾಗುತ್ತದೆ. ಬೂರ್ಗಿನ್ಯೋ ಎರಡು ಬಗೆಗಳನ್ನು ಬೇರ್ಪಡಿಸಿದರು. ಒಂದರಲ್ಲಿ ಆತ್ಮ ಹೊರಗೆ ಸಂಚಾರ ಹೋಗುತ್ತದೆ, ದರ್ಶನಗಳನ್ನು ಕಾಣುತ್ತದೆ. ಬೇಟೆ ಮತ್ತು ಸಂಗ್ರಹಣೆಯ ಸಮಾಜಗಳಲ್ಲಿ ಇದು ಹೆಚ್ಚು. ಇನ್ನೊಂದರಲ್ಲಿ ಹೊರಗಿನ ಚೇತನ ಒಳಗೆ ಬಂದು ಮಾತಾಡುತ್ತದೆ. ಕೃಷಿಪ್ರಧಾನವಾದ, ಶ್ರೇಣೀಕೃತವಾದ ಸಮಾಜಗಳಲ್ಲಿ ಇದು ಹೆಚ್ಚು, ಹೆಂಗಸರಲ್ಲಿ ಇನ್ನೂ ಹೆಚ್ಚು.

ಹೈಟಿಯ ವೊಡೂ ಧರ್ಮದಲ್ಲಿ ಲ್ವಾ ಎಂಬ ದೈವಗಳು ಭಕ್ತರನ್ನು ಕುದುರೆಯಂತೆ ಏರುತ್ತವೆ ಎನ್ನುತ್ತಾರೆ. ಏರಿದ ಲ್ವಾ ಯಾವುದೆಂಬುದು ಅದರ ನಡಿಗೆ, ಬೇಡುವ ತಿನಿಸು, ಧರಿಸುವ ಬಣ್ಣಗಳಿಂದ ಸುತ್ತಲಿನವರಿಗೆ ತಿಳಿಯುತ್ತದೆ. ಇಳಿದ ಮೇಲೆ ಭಕ್ತರಿಗೆ ಏನೂ ನೆನಪಿರುವುದಿಲ್ಲ. ಬಾಲಿ ದ್ವೀಪದ ಬಾರೊಂಗ್ ಮತ್ತು ರಂಗ್ಡಾ ಆಟದಲ್ಲಿ ಪರವಶರಾದ ಕಲಾವಿದರು ಕ್ರಿಸ್ ಕಠಾರಿಯನ್ನು ತಮ್ಮ ಎದೆಗೇ ಒತ್ತಿಕೊಳ್ಳುತ್ತಾರೆ. 1930ರ ದಶಕದಲ್ಲಿ ಮಾನವಶಾಸ್ತ್ರಜ್ಞರಾದ ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್ಸನ್ ಅದನ್ನು ಚಿತ್ರೀಕರಿಸಿದರು. ಅಲ್ಲಿನವರೇ ಆದ ಮನೋವೈದ್ಯೆ ಲುಹ್ ಕೆತುತ್ ಸುರ್ಯಾನಿ ನಂತರ ಅದೇ ಆಚರಣೆಗಳನ್ನು ಅಭ್ಯಸಿಸಿ, ಬಾಲಿಯವರ ಪರವಶತೆಯನ್ನು ರೋಗವೆಂದು ಓದುವುದು ಸಲ್ಲದು ಎಂದು ವಾದಿಸಿದರು.

ಇಟಲಿಯ ದಕ್ಷಿಣ ತುದಿಯ ಸಾಲೆಂತೊ ಪ್ರಾಂತದಲ್ಲಿ ಬೇಸಿಗೆಯ ಗೋಧಿ ಕೊಯ್ಲಿನ ಕಾಲಕ್ಕೆ ಹೆಂಗಸರು ಜೇಡ ಕಚ್ಚಿತೆಂದು ಕುಸಿಯುತ್ತಿದ್ದರು. ಪಿಟೀಲು ಮತ್ತು ತಂಬಟೆಯ ವಾದಕರು ಮನೆಗೆ ಬಂದು, ಜೇಡಕ್ಕೆ ಒಪ್ಪುವ ರಾಗ ಸಿಗುವವರೆಗೆ ನುಡಿಸುತ್ತಿದ್ದರು. ರೋಗಿ ದಿನಗಟ್ಟಲೆ ಕುಣಿದು ಸುಧಾರಿಸಿಕೊಳ್ಳುತ್ತಿದ್ದಳು. ಜೂನ್ 29ರಂದು ಗಲಾತೀನಾದ ಸಂತ ಪೌಲನ ಗುಡಿಯಲ್ಲಿ ಇವರೆಲ್ಲ ಸೇರುತ್ತಿದ್ದರು. 1959ರಲ್ಲಿ ಅಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಎರ್ನೆಸ್ತೊ ದೆ ಮಾರ್ತೀನೊ, ಕಡಿತ ವರ್ಷ ವರ್ಷವೂ ಅದೇ ಋತುವಿನಲ್ಲಿ ಮರುಕಳಿಸುವುದನ್ನೂ ಒಲ್ಲದ ಮದುವೆ, ಕೈತಪ್ಪಿದ ಪ್ರೀತಿ, ಬಡತನದಂಥ ಸಂಕಟಗಳೊಡನೆ ಹೆಣೆದುಕೊಂಡಿರುವುದನ್ನೂ ಗುರುತಿಸಿದರು. ಜೇಡದ ವಿಷದಿಂದ ಇದನ್ನೆಲ್ಲ ವಿವರಿಸಲು ಸಾಧ್ಯವಿರಲಿಲ್ಲ.

ಸುಡಾನ್, ಇಥಿಯೋಪಿಯಾ, ಸೊಮಾಲಿಯಾಗಳಲ್ಲಿ ಹರಡಿರುವ ಝಾರ್ ಆಚರಣೆಯಲ್ಲಿ ಪ್ರೇತವನ್ನು ಓಡಿಸುವುದಿಲ್ಲ, ಅದರೊಡನೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಬಟ್ಟೆ, ಸುಗಂಧ, ಔತಣ ಬೇಕೆಂದು ಹೆಂಗಸಿನ ಬಾಯಿಂದ ಪ್ರೇತ ಕೇಳುತ್ತದೆ, ಗಂಡ ಕೊಡಿಸಬೇಕಾಗುತ್ತದೆ. ಹಕ್ಕಿಲ್ಲದವರಿಗೆ ಆವೇಶವೊಂದು ಆಯುಧ ಎಂದು ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ 1971ರ ಗ್ರಂಥದಲ್ಲಿ ವಿವರಿಸಿದರು. ಉತ್ತರ ಸುಡಾನಿನಲ್ಲಿ ಕೆಲಸ ಮಾಡಿದ ಜಾನಿಸ್ ಬಾಡಿ 1989ರಲ್ಲಿ ಈ ವಿವರಣೆ ಸಾಲದು ಎಂದರು: ಪರಕೀಯ ಚೇತನವಾಗಿ ವರ್ತಿಸುವಾಗ ಹೆಣ್ಣು ತನ್ನ ಬದುಕನ್ನು ಹೊರಗಿನಿಂದ ನೋಡಲು ಕಲಿಯುತ್ತಾಳೆ, ಅದೂ ಚಿಕಿತ್ಸೆಯ ಭಾಗ. ಮಲೇಷ್ಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ 1970ರ ದಶಕದಲ್ಲಿ ಹಳ್ಳಿಯಿಂದ ಬಂದ ಹುಡುಗಿಯರ ಮೇಲೆ ಪ್ರೇತ ಬಂದು ಉತ್ಪಾದನೆ ನಿಂತುಹೋದ ಘಟನೆಗಳನ್ನು ಮಾನವಶಾಸ್ತ್ರಜ್ಞೆ ಐವಾ ಓಂಗ್ ದಾಖಲಿಸಿದ್ದಾರೆ. ಮೊಜಾಂಬಿಕ್‌ನಲ್ಲಿ 1992ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಸತ್ತ ಸೈನಿಕರ 'ಗಾಂಬಾ' ಪ್ರೇತಗಳು ಬದುಕುಳಿದವರ ಮೈಮೇಲೆ ಬಂದು ಯುದ್ಧಕಾಲದ ಕೊಲೆಗಳ ಲೆಕ್ಕ ಕೇಳತೊಡಗಿದವು. ಸರ್ಕಾರ ಕ್ಷಮಾದಾನ ಕೊಟ್ಟು ಮುಚ್ಚಿದ ಕಡತವನ್ನು ಊರು ಹೀಗೆ ತೆರೆಯಿತು.

ಭಾರತದಲ್ಲಿ ಆವೇಶದ ಕುರಿತ ಜ್ಞಾನಕ್ಕೆ ಹಳೆಯ ಬೇರುಗಳಿವೆ. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದು. ಚರಕಸಂಹಿತೆ ಹೊರಗಿನಿಂದ ಬರುವ ಉನ್ಮಾದವನ್ನು ಬೇರೆಯಾಗಿ ವರ್ಣಿಸಿ, ದೇವ, ಗಂಧರ್ವ, ಪಿಶಾಚಾದಿಗಳ ಲಕ್ಷಣಗಳನ್ನು ಹೇಳುತ್ತದೆ. ಆದರೆ ತನ್ನಿಂದ ತಾನೇ ಕ್ಲೇಶಕ್ಕೆ ಒಳಗಾಗದವನನ್ನು ಈ ಯಾವ ಶಕ್ತಿಯೂ ಕಾಡದು, ಮೂಲವಿರುವುದು ಅವನದೇ ಬುದ್ಧಿಯ ತಪ್ಪಾದ ಪ್ರಜ್ಞಾಪರಾಧದಲ್ಲಿ ಎಂದೂ ಅದೇ ಗ್ರಂಥ ಎಚ್ಚರಿಸುತ್ತದೆ.

ತುಳುನಾಡಿನ ಎರಡು ಆಚರಣೆಗಳು

ಆವೇಶಕ್ಕೆ ಸಮುದಾಯ ಎಷ್ಟು ಸೂಕ್ಷ್ಮವಾದ ಚೌಕಟ್ಟು ಕಟ್ಟಬಲ್ಲದು ಎಂಬುದಕ್ಕೆ ಕರಾವಳಿ ಕರ್ನಾಟಕದ ಭೂತಕೋಲ ಮತ್ತು ಸಿರಿ ಜಾತ್ರೆಗಳು ಉತ್ತಮ ನಿದರ್ಶನ. ಕೋಲದಲ್ಲಿ ದೈವದ ವೇಷ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯಗಳವರು. ದೈವ ಪಂಜುರ್ಲಿಯೇ, ಜುಮಾದಿಯೇ, ಕಲ್ಲುರ್ಟಿಯೇ ಎಂಬುದಕ್ಕೆ ತಕ್ಕಂತೆ ಮುಖವರ್ಣಿಕೆ, ಬೆನ್ನಿಗೆ ಕಟ್ಟುವ ಅಣಿ, ಆಭರಣಗಳು ಬದಲಾಗುತ್ತವೆ. ಬಣ್ಣ ಹಚ್ಚುವುದು, ಪಾಡ್ದನವೆಂಬ ತುಳು ಕಥನಗೀತದಲ್ಲಿ ದೈವದ ಹುಟ್ಟು ಮತ್ತು ಸಂಚಾರದ ಕಥೆ ಹಾಡುವುದು, ಕಾಲಿಗೆ ಗಗ್ಗರ ಕಟ್ಟಿಕೊಳ್ಳುವುದು ಹೀಗೆ ಹಂತ ಹಂತವಾಗಿ ಸಿದ್ಧತೆ ಸಾಗುತ್ತದೆ. ವಾದ್ಯ ಏರುತ್ತಿದ್ದಂತೆ ಮೈಯಲ್ಲಿ ನಡುಕ ಹುಟ್ಟಿ ಆವೇಶವಾಗುತ್ತದೆ. ಆಮೇಲೆ ಆಡಿದ್ದು ದೈವದ ನುಡಿ. ಊರಿನ ಹಿರಿ ಮನೆತನವಾದ ಗುತ್ತಿನ ಯಜಮಾನ ಕೈಮುಗಿದು ನಿಂತು ಕೇಳುತ್ತಾನೆ. ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ, ಮಾತು ತಪ್ಪಿದ ಹರಕೆ ಅಲ್ಲಿ ತೀರ್ಮಾನಕ್ಕೆ ಬರುತ್ತವೆ. ಕೋಲ ಮುಗಿದು ಬಣ್ಣ ತೊಳೆದ ಬಳಿಕ ಆ ಕಲಾವಿದ ಮತ್ತೆ ಎಂದಿನ ಮನುಷ್ಯ. ಬರುವ ಹೊತ್ತು, ಜಾಗ, ಹೋಗುವ ಹೊತ್ತು ಮೂರೂ ನಿಗದಿಯಾಗಿವೆ. ಕೆ. ಚಿನ್ನಪ್ಪ ಗೌಡರ 'ಭೂತಾರಾಧನೆ' ಈ ವ್ಯವಸ್ಥೆಯನ್ನು ಕನ್ನಡದಲ್ಲಿ ವಿಸ್ತಾರವಾಗಿ ದಾಖಲಿಸಿದ ಗ್ರಂಥ.

ಸಿರಿ ಜಾತ್ರೆಯ ಮಹತ್ವ ಇನ್ನೂ ಬೇರೆ ಬಗೆಯದು. ಇಲ್ಲಿ ಆವೇಶಕ್ಕೆ ಒಳಗಾಗುವವರು ವೃತ್ತಿಯ ಕಲಾವಿದರಲ್ಲ, ಊರೂರಿನ ಸಾಮಾನ್ಯ ಹೆಂಗಸರು. ಕವತ್ತಾರು, ಹಿರಿಯಡ್ಕ, ನಂದಳಿಕೆ ಮೊದಲಾದೆಡೆಯ ಆಲಡೆಗಳೆಂಬ ಆರಾಧನಾ ಸ್ಥಳಗಳಲ್ಲಿ ಬೇಸಿಗೆಯ ಹುಣ್ಣಿಮೆಗಳ ರಾತ್ರಿ ಅವರು ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹಿನ್ನೆಲೆಯಲ್ಲಿರುವುದು ಸಿರಿ ಪಾಡ್ದನ. ಗಂಡ ಕಾಂತು ಪೂಂಜ ಸೂಳೆಯ ಮನೆಯಲ್ಲಿಟ್ಟು ತಂದ ಸೀರೆಯನ್ನು ಸಿರಿ ಒಲ್ಲೆನೆನ್ನುತ್ತಾಳೆ, ಮುಂದೆ ಆ ಮದುವೆಯನ್ನೇ ಮುರಿದು ಹೊರನಡೆಯುತ್ತಾಳೆ, ಇನ್ನೊಂದು ಮದುವೆಯಾಗುತ್ತಾಳೆ. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ಮತ್ತು ದಾರಗ ಚೆನ್ನೆಮಣೆ ಆಡುತ್ತ ಜಗಳಕ್ಕೆ ಬಿದ್ದು ಇಬ್ಬರೂ ಸಾಯುತ್ತಾರೆ. ಹೆಣ್ಣಿನ ಮೂರು ತಲೆಮಾರಿನ ಸ್ವಾಭಿಮಾನ ಮತ್ತು ಸಂಕಟ ಒಂದೇ ಕಥೆಯಲ್ಲಿ ಹೆಣೆದುಕೊಂಡಿವೆ.

ಮನೆಯಲ್ಲಿ ಕಾರಣವಿಲ್ಲದೆ ಮಂಕಾಗಿ, ಮೂರ್ಛೆ ಹೋಗುತ್ತ, ಅಸಂಬದ್ಧವಾಗಿ ಮಾತಾಡುತ್ತ ಇದ್ದ ಸೊಸೆಯನ್ನು ಮನೆಯವರು ಈ ಸಾಲಿಗೆ ಕರೆತರುತ್ತಾರೆ. ಸಿರಿಯ ಮಗ ಕುಮಾರನ ಆವೇಶವಾದ ಪಾತ್ರಿ ಅವಳೆದುರು ನಿಂತು, ನೀನು ಯಾರು ಎಂದು ಪಟ್ಟುಬಿಡದೆ ಕೇಳುತ್ತಾನೆ. ಹಿಂದೆಯೇ ಸಿರಿಗಳಾದ ಸುತ್ತಲಿನ ಹೆಂಗಸರು ಪಾಡ್ದನದ ಧಾಟಿಯಲ್ಲೇ ಅವಳನ್ನು ಮಾತಿಗೆ ಎಳೆಯುತ್ತಾರೆ. ಅವಳು ತಾನು ಸೊನ್ನೆಯೆಂದೋ ಅಬ್ಬಗ ಎಂದೋ ಹೇಳಿಕೊಂಡ ಕ್ಷಣಕ್ಕೆ ಹೆಸರಿಲ್ಲದ ನರಳಾಟಕ್ಕೆ ಒಂದು ಹೆಸರು, ಒಂದು ಕಥೆ, ಒಂದು ಬಳಗ ಸಿಗುತ್ತದೆ. ಆ ಮಾತುಕತೆಯಲ್ಲಿ ಗಂಡನ ಮನೆಯವರೂ ಭಾಗಿಗಳು. ಮುಂದಿನ ವರ್ಷ ಅವಳೇ ಹೊಸಬಳೊಬ್ಬಳಿಗೆ ದಾರಿ ತೋರಿಸುವ ಸಿರಿಯಾಗಬಹುದು. ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975ರಲ್ಲೇ ಈ ಸಾಮೂಹಿಕ ಆವೇಶದ ಕುರಿತು ಬರೆದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ, ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನದ ದೀರ್ಘ ರೂಪವಾದ ಸಿರಿ ಸಂಧಿಯನ್ನು ಧ್ವನಿಮುದ್ರಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಮಹಾಕಾವ್ಯವನ್ನು ಹಾಡಿದ ಗೋಪಾಲ ನಾಯ್ಕರು ಸಿರಿ ಆಚರಣೆಯನ್ನು ನಡೆಸಿಕೊಡುವವರೂ ಆಗಿದ್ದರು.

ಮೈ ಮತ್ತು ಮಿದುಳು

ಪರವಶತೆ ಬರೀ ನಟನೆಯೇ ಎಂಬ ಪ್ರಶ್ನೆಗೆ ಶರೀರವಿಜ್ಞಾನ ಸ್ವಲ್ಪಮಟ್ಟಿಗೆ ಉತ್ತರಿಸಿದೆ. ಜಪಾನಿನ ಸಂಶೋಧಕರು ಬಾಲಿಯಲ್ಲಿ ನಿಜವಾದ ಆಚರಣೆಯ ಸಂದರ್ಭದಲ್ಲೇ ರಕ್ತಪರೀಕ್ಷೆ ನಡೆಸಿ, ಪರವಶರಾದವರಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್ ಮತ್ತು ಬೀಟಾ ಎಂಡಾರ್ಫಿನ್ ಪ್ರಮಾಣ ಏರಿದ್ದನ್ನು 2001ರಲ್ಲಿ ವರದಿ ಮಾಡಿದರು. ನೋವು ಅರಿವಿಗೆ ಬಾರದಿರುವುದಕ್ಕೆ ಇದು ಒಂದು ವಿವರಣೆ. ಆತ್ಮಗಳ ಮಾತನ್ನು ಬರೆದುಕೊಡುವ ಬ್ರೆಜಿಲಿನ ಹತ್ತು ಮಂದಿ ಮಾಧ್ಯಮರು ಪರವಶರಾಗಿ ಬರೆಯುತ್ತಿದ್ದಾಗ ನಡೆಸಿ 2012ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಣದಲ್ಲಿ, ಪಳಗಿದವರ ಮಿದುಳಿನ ಕೆಲವು ಭಾಗಗಳು ಮಾಮೂಲಿ ಬರವಣಿಗೆಯ ಹೊತ್ತಿಗಿಂತ ಕಡಿಮೆ ಚಟುವಟಿಕೆ ತೋರಿದವು.

ಡೋಲಿನ ಲಯವೇ ನೇರವಾಗಿ ಮಿದುಳನ್ನು ಪರವಶಗೊಳಿಸುತ್ತದೆ ಎಂಬ ವಾದವೂ ಇತ್ತು. ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ಜಿಲ್ಬೆರ್ ರೂಜೆ 1980ರ ಗ್ರಂಥದಲ್ಲಿ ಇದನ್ನು ಅಲ್ಲಗಳೆದರು. ಹಾಗಿದ್ದಲ್ಲಿ ಡೋಲು ಕೇಳಿದವರೆಲ್ಲ, ಬಾರಿಸುವವನೂ ಸೇರಿ, ಪರವಶರಾಗಬೇಕಿತ್ತು. ಕೇಳುವವರಿಗೆ ಆ ಸದ್ದಿನ ಅರ್ಥ ಮೊದಲೇ ತಿಳಿದಿರಬೇಕು. ಕೋಲದಲ್ಲೂ ಹಾಗೆಯೇ: ನೂರಾರು ಜನ ಅದೇ ವಾದ್ಯ ಕೇಳುತ್ತಾರೆ, ಆವೇಶವಾಗುವುದು ಆ ಹೊಣೆ ಹೊತ್ತವರಿಗೆ. ವಿಘಟನೆಯ ಸಾಮರ್ಥ್ಯವನ್ನು ಮಿದುಳು ಒದಗಿಸುತ್ತದೆ, ಅದರ ವೇಳೆ, ಭಾಷೆ, ಗುರಿಗಳನ್ನು ಸಮಾಜ ಕಲಿಸುತ್ತದೆ.

ಗೆರೆ ಎಳೆಯುವ ಬಗೆ

ಒಂದೇ ಸಾಮರ್ಥ್ಯ ಒಬ್ಬರಲ್ಲಿ ಆರಾಧನೆಯಾಗಿ, ಇನ್ನೊಬ್ಬರಲ್ಲಿ ಬೇನೆಯಾಗಿ ತೋರುವಾಗ ವೈದ್ಯರು ಗೆರೆ ಎಳೆಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿ ಪರವಶತೆ ಮತ್ತು ಆವೇಶದ ವ್ಯಾಧಿಗಳನ್ನು ಒಂದೇ ಶೀರ್ಷಿಕೆಯಡಿ ಇಟ್ಟಿತ್ತು. 2022ರ ಜನವರಿಯಿಂದ ಜಾರಿಯಲ್ಲಿರುವ ಹನ್ನೊಂದನೆಯ ಆವೃತ್ತಿ ಅವನ್ನು ಎರಡಾಗಿಸಿದೆ. ಪರವಶತೆಯ ವ್ಯಾಧಿಯಲ್ಲಿ ಅರಿವು ಕಿರಿದಾಗುತ್ತದೆ, ಚಲನೆ ಮತ್ತು ಮಾತು ಕೆಲವೇ ಪುನರಾವರ್ತನೆಗಳಿಗೆ ಇಳಿಯುತ್ತವೆ, ಬೇರೆ ಗುರುತು ಬರುವುದಿಲ್ಲ. ಆವೇಶದ ವ್ಯಾಧಿಯಲ್ಲಿ ಹೊರಗಿನ ಶಕ್ತಿಯೊಂದರ ಗುರುತು ಬಂದು ಕೂರುತ್ತದೆ. ಎರಡಕ್ಕೂ ಷರತ್ತುಗಳು ಸಮಾನ: ಸ್ಥಿತಿ ಇಚ್ಛೆಗೆ ವಿರುದ್ಧವಾಗಿ ಬರಬೇಕು; ಆ ಸಮುದಾಯ ಒಪ್ಪಿದ ಧಾರ್ಮಿಕ ಅಥವಾ ಸಾಂಸ್ಕೃತಿಕ ಆಚರಣೆಯ ಭಾಗವಾಗಿರಬಾರದು; ಗಣನೀಯ ಯಾತನೆ ಅಥವಾ ಬದುಕಿನ ಅಸ್ತವ್ಯಸ್ತತೆಗೆ ಕಾರಣವಾಗಬೇಕು; ಮಾದಕವಸ್ತು, ನಿದ್ದೆ, ನರರೋಗಗಳಿಂದ ಆದುದಾಗಿರಬಾರದು. ಅಮೆರಿಕದ ಕೈಪಿಡಿಯ 2013ರ ಐದನೆಯ ಆವೃತ್ತಿಯೂ ಗುರುತಿನ ವ್ಯಾಧಿಯು ಕೆಲವು ಸಂಸ್ಕೃತಿಗಳಲ್ಲಿ ಆವೇಶದ ರೂಪದಲ್ಲಿ ಅನುಭವಕ್ಕೆ ಬರಬಹುದೆಂದು ಒಪ್ಪಿಕೊಂಡಿದೆ.

ಈ ಷರತ್ತುಗಳ ಅರ್ಥ ದೊಡ್ಡದು. ಆವೇಶ ಕಾಯಿಲೆಯೇ ಅಲ್ಲವೇ ಎಂಬುದನ್ನು ರೋಗಿಯೊಬ್ಬರನ್ನೇ ಪರೀಕ್ಷಿಸಿ ನಿರ್ಧರಿಸಲಾಗದು, ಅವರ ಊರನ್ನೂ ಕೇಳಬೇಕು. ಹುಣ್ಣಿಮೆಯ ರಾತ್ರಿ ಆಲಡೆಯಲ್ಲಿ ಬರುವ ಸಿರಿ ಮತ್ತು ಯಾವ ಹೊತ್ತಿನಲ್ಲೆಂದರೆ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲೋ ತರಗತಿಯಲ್ಲೋ ಬಂದು ಬಿಡದಿರುವ ಸಿರಿ ಒಂದೇ ಅಲ್ಲ ಎಂಬುದು ಊರಿನವರಿಗೆ ಚೆನ್ನಾಗಿ ಗೊತ್ತು. ಇಚ್ಛೆ, ವೇಳೆ, ಮರಳಿ ಬರುವ ದಾರಿ, ಜೊತೆಗಿರುವ ಜನ ಇವು ನಾಲ್ಕೂ ಇದ್ದಲ್ಲಿ ಆವೇಶ ವ್ಯಕ್ತಿಯನ್ನು ಕಾಪಾಡುತ್ತದೆ. ಇವು ತಪ್ಪಿದಲ್ಲಿ ಅವರಿಗೆ ಸಹಾಯ ಬೇಕು. ಭಾರತದ ಆಸ್ಪತ್ರೆಗಳಲ್ಲಿ ಬಹುವ್ಯಕ್ತಿತ್ವ ಅಪರೂಪ; ಸೆಳವು, ಸ್ವಾಧೀನ ತಪ್ಪುವುದು, ದೆವ್ವ ಮೆಟ್ಟಿಕೊಂಡಿತೆಂಬ ದೂರುಗಳೇ ಹೆಚ್ಚು. ಒಳಗಿನ ಒತ್ತಡ ಲಭ್ಯವಿರುವ ರೂಪವನ್ನೇ ತೊಡುತ್ತದೆ ಎಂಬುದಕ್ಕೆ ಇದೂ ಸಾಕ್ಷಿ.

ಆರೈಕೆಯ ದಾರಿ

ವಿಘಟನೆಗೆಂದೇ ನಿರ್ದಿಷ್ಟ ಔಷಧಿಯಿಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧಿ ಕೊಡುತ್ತಾರೆ. ಮುಖ್ಯ ಚಿಕಿತ್ಸೆ ಮಾತುಕತೆಯದು. ಮೊದಲು ಸುರಕ್ಷತೆ, ಬಳಿಕ ಆಘಾತದ ನೆನಪುಗಳನ್ನು ನಿಧಾನವಾಗಿ ಎದುರಿಸುವುದು, ಕೊನೆಗೆ ಅವನ್ನು ಬದುಕಿನ ಕಥೆಗೆ ಸೇರಿಸಿಕೊಳ್ಳುವುದು ಎಂಬ ಮೂರು ಹಂತಗಳ ಕ್ರಮ ಜಾನೆಯಿಂದಲೇ ಬಂದದ್ದು. ಇದಕ್ಕೂ ಮುನ್ನ ಮೂರ್ಛೆರೋಗ, ಮಿದುಳಿನ ಸೋಂಕು, ಸ್ಕಿಜೋಫ್ರೀನಿಯಾ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೆಳವು ಯಾವ ಬಗೆಯದೆಂದು ತಿಳಿಯಲು ವಿಡಿಯೊ ಸಹಿತ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಅತ್ಯಂತ ವಿಶ್ವಾಸಾರ್ಹ ಪರೀಕ್ಷೆ. ರೋಗಿ ನಾಟಕವಾಡುತ್ತಿದ್ದಾಳೆ ಎಂಬ ಮಾತು ಮಾತ್ರ ಯಾವ ಹಂತದಲ್ಲೂ ಸಲ್ಲದು. ವಿಘಟನೆ ಬೇಕೆಂದು ಮಾಡುವ ಸೋಗಲ್ಲ.

ಜನ ಮೊದಲು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಕರ್ನಾಟಕದ ಒಂದು ಹಳ್ಳಿ ಜಗತ್ತಿಗೆ ತೋರಿಸಿಕೊಟ್ಟಿತು. ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮುಂದೆ ಬೆಂಗಳೂರಿನ ಮನೋವೈದ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾದ ಆರ್. ಎಲ್. ಕಪೂರ್ ಉಡುಪಿ ಸೀಮೆಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಪಾತ್ರಿ, ಮಂತ್ರವಾದಿ, ನಾಟಿ ವೈದ್ಯರ ಬಳಿಗೆ ಜನ ಹೋಗುವುದನ್ನು ಅದು ಗಂಭೀರವಾಗಿ ಪರಿಗಣಿಸಿತು. ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಆವೇಶದ ಪ್ರಕರಣಗಳ ಬಗ್ಗೆ ಸಂಶೋಧನೆ ಮಾಡಿದ್ದಲ್ಲದೆ, ಮನೋರೋಗಗಳ ಬಗ್ಗೆ ಸರಳ ಕನ್ನಡದಲ್ಲಿ ನಿರಂತರವಾಗಿ ಬರೆದರು. ಅದೇ ಸಂಸ್ಥೆಯ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಅಭ್ಯಸಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಔಷಧಿಯಿಲ್ಲದೆ, ವಿಶೇಷ ಮಾಂತ್ರಿಕ ವಿಧಿಯೂ ಇಲ್ಲದೆ, ಗುಡಿಯ ದಿನಚರಿ, ಸಣ್ಣ ಕೆಲಸ ಮತ್ತು ಮನೆಯವರ ಒಡನಾಟದಲ್ಲಿ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು.

ಆದರೆ ಗುಡಿ, ದರ್ಗಾಗಳ ಸುತ್ತಲಿನ ಎಲ್ಲ ಆಶ್ರಯಗಳೂ ಹಾಗಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಜನ ಪ್ರಾಣ ಕಳೆದುಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅದೇ ವರ್ಷ ಅಂಗೀಕಾರವಾದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ.

ಎರಡು ತಪ್ಪುಗಳೂ ಮನುಷ್ಯರನ್ನು ನೋಯಿಸುತ್ತವೆ. ಆರಾಧನೆಯನ್ನು ರೋಗವೆಂದು ಕರೆದರೆ ಒಂದು ಸಮುದಾಯದ ಜ್ಞಾನಕ್ಕೆ ಅವಮಾನ. ರೋಗವನ್ನು ದೈವದ ಮುನಿಸೆಂದು ಬಿಟ್ಟರೆ ಒಂದು ಜೀವಕ್ಕೆ ಅಪಾಯ. ಆವೇಶ ಜಾತ್ರೆಯ ಆಚೆಗೂ ಪದೇ ಪದೇ ಬರುತ್ತಿದ್ದರೆ, ಊಟ, ನಿದ್ದೆ, ಕೆಲಸ, ಶಾಲೆ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಮನೆಯೊಳಗಿನ ಹಿಂಸೆಯ ಸುಳಿವು ಸಿಕ್ಕರೆ ವೈದ್ಯರ ಬಳಿಗೆ ಹೋಗಲೇಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಉಚಿತ ಸಲಹೆ ದೊರೆಯುತ್ತದೆ. ವೈದ್ಯರ ಬಳಿಗೆ ಹೋಗಲು ದೈವವನ್ನು ಬಿಡಬೇಕಾಗಿಲ್ಲ. ಮೈಮೇಲೆ ಬಂದದ್ದು ಏನು ಹೇಳಿತು ಎಂದು ಕುಟುಂಬವನ್ನು ಗೌರವದಿಂದ ಕೇಳುವ ವೈದ್ಯರಿಗೆ, ರೋಗಿ ತನ್ನ ಬಾಯಿಂದ ಹೇಳಲಾಗದೆ ಉಳಿಸಿಕೊಂಡದ್ದು ತಿಳಿಯುತ್ತದೆ. ಚಿಕಿತ್ಸೆ ಅಲ್ಲಿಂದ ಮೊದಲಾಗುತ್ತದೆ.